ಹೆಪ್ಪುಗಟ್ಟಿದ ಪಿಂಚಣಿ

ಬಾಗಲಗುಂಟೆಯ ನಮ್ಮ ಬೀದಿಯ ಹಿರಿಯರೊಬ್ಬರು ಆಯುಷ್ಯವೆಲ್ಲ ದುಡಿದದ್ದು ಇಂಗ್ಲೆಂಡಿನಲ್ಲಿ. 2005ರಲ್ಲಿ ಅರವತ್ತೈದು ತುಂಬಿ ಊರಿಗೆ ಮರಳಿದಾಗ ಅವರಿಗೆ ದೊರೆತ ಬ್ರಿಟನ್ ಸರ್ಕಾರದ ಮೂಲ ಪಿಂಚಣಿ ವಾರಕ್ಕೆ 82.05 ಪೌಂಡ್. ಇಂದಿಗೂ ಅಷ್ಟೇ. ಅದೇ ವರ್ಷ ನಿವೃತ್ತರಾಗಿ ಅಲ್ಲಿಯೇ ಉಳಿದವರಿಗೆ 2025-26ರಲ್ಲಿ ಅದು 176.45 ಪೌಂಡ್.

ಇದು ಯಾವ ಗುಮಾಸ್ತನ ಪ್ರಮಾದವೂ ಅಲ್ಲ, ಕಾನೂನೇ ಹಾಗಿದೆ. ಏರಿಕೆಯ ಒಪ್ಪಂದವಿರುವ ಅಮೆರಿಕ, ಫಿಲಿಪ್ಪೀನ್ಸ್‌ಗಳಲ್ಲಿ ನೆಲೆಸಿದವರಿಗೆ ಪಿಂಚಣಿ ವರ್ಷವರ್ಷವೂ ಹೆಚ್ಚುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇರುವವರಿಗೆ ಇಲ್ಲ. ವಂತಿಗೆಯನ್ನು ಮಾತ್ರ ಎಲ್ಲರೂ ಒಂದೇ ನಿಯಮದಂತೆ ಕಟ್ಟಿದವರು. ಮಗನನ್ನು ನೋಡಲು ಲಂಡನ್ನಿಗೆ ಹೋದರೆ ಅಲ್ಲಿದ್ದಷ್ಟು ದಿನ ಹೊಸ ದರ, ಮರಳಿದೊಡನೆ ಹಳೆಯದು! ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಮತ್ತಿತರರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 2010ರಲ್ಲಿ ಸೋತರು.

ಇದರ ಜೊತೆಗೆ, ಬದುಕಿದ್ದೇನೆಂದು ರುಜುವಾತುಪಡಿಸುವ ಪತ್ರ. ಅಂಚೆಯಲ್ಲಿ ಬರುವ ನಮೂನೆಗೆ ಸಾಕ್ಷಿಯ ಸಹಿ ಹಾಕಿಸಿ ಹಿಂದಿರುಗಿಸದಿದ್ದರೆ ಹಣ ನಿಲ್ಲುತ್ತದೆ. ನಮ್ಮ ಕೇಂದ್ರ ಸರ್ಕಾರದ ನಿವೃತ್ತರಿಗೆ 2014ರಿಂದ ‘ಜೀವನ್ ಪ್ರಮಾಣ್’ ಇದೆ, ಬೆರಳೊತ್ತಿದರೆ ಮುಗಿಯಿತು. ಇವರು ಅಂಚೆಯವನ ದಾರಿ ಕಾಯುತ್ತಾರೆ.

2025ರ ಜುಲೈಯಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರೊಡನೆ ಒಪ್ಪಿಕೊಂಡ ಸಾಮಾಜಿಕ ಭದ್ರತೆಯ ಕರಾರು, ತಾತ್ಕಾಲಿಕವಾಗಿ ಹೋಗುವ ನೌಕರರು ಎರಡೂ ಕಡೆ ವಂತಿಗೆ ಕಟ್ಟುವುದನ್ನು ತಪ್ಪಿಸಲಿಕ್ಕಷ್ಟೇ. ದುಡಿದು ಮರಳಿದ ವೃದ್ಧರ ಹಕ್ಕನ್ನೂ ಅದರಲ್ಲಿ ಸೇರಿಸಲು ದೆಹಲಿಗೆ ಇದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ.