ಅಳಗುಳಿ ಮಣೆಯಲ್ಲಿ ಶಿಕ್ಷಕ ತರಬೇತಿ

ಪುಣೆಯ ಶಿಕ್ಷಕ ತರಬೇತಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿನಿಯರು ಹನ್ನೆರಡನೇ ತರಗತಿ ಮುಗಿಸಿ ಬಂದವರು. ಚಿಕ್ಕ ಮಕ್ಕಳಿಗೆ ಆಟ ಏಕೆ ಬೇಕು ಎಂದು ಕೇಳಿದರೆ ಎರಡು ಪುಟ ಚೆನ್ನಾಗಿ ಬರೆಯುತ್ತಾರೆ. ಅಭ್ಯಾಸ ಪಾಠಕ್ಕೆ ಬಾಲವಾಡಿಗೆ ಕಳಿಸಿದರೆ ಮಾತ್ರ ಮಕ್ಕಳನ್ನು ಸಾಲಾಗಿ ಕೂರಿಸಿ ಕೈ ಕಟ್ಟಿಸುತ್ತಾರೆ. ತಾವು ಕಲಿತದ್ದೇ ಹಾಗಲ್ಲವೇ!

ಅದಕ್ಕೇ ಮೊದಲ ವಾರ ಉಪನ್ಯಾಸ ಇಲ್ಲ. ಊರಿನಿಂದ ತಂದ ಅಳಗುಳಿ ಮಣೆ, ಹಿಡಿ ಹುಣಸೆ ಬೀಜ ಮುಂದಿಟ್ಟು ಆಡಿ ಎನ್ನುತ್ತೇನೆ. (ಆ ಮಣೆ ಪುಣೆಗೇಕೆ ಎಂದು ಅಮ್ಮನಿಗೆ ಇಂದಿಗೂ ಅರ್ಥವಾಗಿಲ್ಲ.) ಮೊದಲು ನಾಚಿಕೆ, ಹತ್ತು ನಿಮಿಷದಲ್ಲಿ ಜಗಳ. ಅರ್ಧ ಮಂದಿ ಆಡುವಾಗ ಉಳಿದವರು ಕಂಡದ್ದನ್ನು ಬರೆಯಬೇಕು. ಹದಿನಾಲ್ಕು ಗುಳಿಗೆ ಒಂದೊಂದೇ ಬೀಜ ಬಿಡುವುದೇ ಎಣಿಕೆ. ಬೀಜ ಎತ್ತುವ ಹೆಬ್ಬೆರಳು, ತೋರುಬೆರಳೇ ಮುಂದೆ ಪೆನ್ಸಿಲ್ ಹಿಡಿಯಬೇಕು. ಎದುರಿನವರ ಸರದಿ ಮುಗಿಯುವವರೆಗೆ ಕಾಯುವುದಂತೂ ದೊಡ್ಡವರಿಗೂ ಕಷ್ಟ. ಐದು ವರ್ಷದೊಳಗಿನವರಿಗೆ ಪೂರ್ತಿ ನಿಯಮ ಬೇಡ, ಗುಳಿ ತುಂಬಿದರೆ ಸಾಕು. ಮೂರರ ಮಕ್ಕಳ ಕೈಗೆ ಬೀಜ ಕೊಡಲೇಬೇಡಿ, ಮೂಗಿಗೆ ಹೋಗುತ್ತದೆ!

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರನ್ನು ಒಂದೇ ಹಂತಕ್ಕೆ ತಂದಿತು. 2023ರಲ್ಲಿ 'ಜಾದೂಯಿ ಪಿಟಾರಾ' ಎಂಬ ಆಟಿಕೆ ಪೆಟ್ಟಿಗೆಯೂ ಬಂತು. ಒಳ್ಳೆಯದೇ. ಆದರೆ ಆಟವನ್ನು ನೋಡುವ ಕಣ್ಣು ಪೆಟ್ಟಿಗೆಯೊಳಗೆ ಬರುವುದಿಲ್ಲ. ಮಹಾರಾಷ್ಟ್ರಕ್ಕೆ ಇದು ಹೊಸತೂ ಅಲ್ಲ. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಜತೆ ದುಡಿದ ತಾರಾಬಾಯಿ ಮೋಡಕ್, 1945ರಲ್ಲಿ ಬೋರ್ಡಿಯಲ್ಲಿ, ಮುಂದೆ ಅನುತಾಯಿ ವಾಘ್ ಜತೆ ಕೋಸಬಾಡದಲ್ಲಿ, ಆದಿವಾಸಿ ಮಕ್ಕಳ ಅಂಗಳಕ್ಕೇ ಬಾಲವಾಡಿ ಒಯ್ದರು. ದುಬಾರಿ ಮಾಂಟೆಸ್ಸರಿ ಸಾಮಗ್ರಿಯ ಬದಲು ಸುತ್ತ ಸಿಗುವ ಬೀಜ, ಎಲೆ, ಕಲ್ಲು ಬಳಸಿದರು.

ನಿಜವಾದ ಪರೀಕ್ಷೆ ಗೇಟಿನ ಬಳಿ. "ಇಷ್ಟು ಫೀಸ್ ಕಟ್ಟಿದ್ದೇವೆ, ನೋಟ್‌ಬುಕ್ ಖಾಲಿ ಇದೆಯಲ್ಲ?" ಎಂದು ಪೋಷಕರು ಕೇಳಿದಾಗ ಉತ್ತರ ಹೊಳೆಯದ ಹೊಸ ಟೀಚರ್, ತಿಂಗಳೊಳಗೆ ಅಕ್ಷರ ತಿದ್ದಿಸಲು ಕೂರುತ್ತಾಳೆ. ನಾವೂ ಅಂಥ ಪೋಷಕರೇ, ಅಲ್ಲವೇ?

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಇದೇ ಪ್ರಶ್ನೆ ಬಂತು. ಅವಳು ತನ್ನ ಟಿಪ್ಪಣಿ ತೆರೆದಳು: "ನಿಮ್ಮ ಮಗ ಇವತ್ತು ಏಳು ಗುಳಿಗೆ ಏಳು ಬೀಜ ಹಾಕಿದ. ಕೈಯಲ್ಲಿ ಉಳಿದದ್ದನ್ನು ನೋಡಿ 'ಒಂದು ಜಾಸ್ತಿ' ಅಂದ." ಹಾಗಾದರೆ ಬರೆಯೋದು ಯಾವಾಗ ಎಂದರು ಅಪ್ಪ. "ಕ್ರೇಯಾನ್ ಇನ್ನೂ ಮುಷ್ಟಿಯಲ್ಲಿ ಹಿಡೀತಾನೆ. ಬೆರಳು ಗಟ್ಟಿಯಾಗಲಿ" ಎಂದಳು. ಅವರು ಪೂರ್ತಿ ಒಪ್ಪಲಿಲ್ಲ. ಮಗುವಿನ ಬೆರಳನ್ನೊಮ್ಮೆ ಬಿಡಿಸಿ ನೋಡಿ, ಸ್ಕೂಟರ್ ಹತ್ತಿಸಿಕೊಂಡು ಹೋದರು.