ಕೌದಿಯ ಚೌಕಗಳು ಸರಿಯಾಗಿ ಕೂಡಬೇಕಾದರೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಕೌದಿ ಹೊಸದಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳು ಬಾಣಂತಿಯ ಹಾಸಿಗೆಯಾಗಿ, ಕೂಸಿನ ತೊಟ್ಟಿಲಿನ ಮೆತ್ತೆಯಾಗಿ ಮತ್ತೆ ಬಳಕೆಗೆ ಬರುತ್ತವೆ. ಸುಗ್ಗಿ ಮುಗಿದ ಮೇಲೆ ಬಿಡುವಿನಲ್ಲಿ ಹೊಲಿದ ಕೌದಿಯನ್ನು ಮಾರಿ ನಾಲ್ಕು ಕಾಸು ಗಳಿಸಲೂ ಸಾಧ್ಯ. ಆದರೆ ಅಂಚು ಅಲೆಯಂತೆ ಎದ್ದ, ಚೌಕದ ಮೂಲೆಗಳು ಕೂಡದ ಕೌದಿಗೆ ತಕ್ಕ ಬೆಲೆ ಸಿಗುವುದು ಕಷ್ಟ. ವಾರಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ತುಂಡುಗಳ ಅಂಚು ಮಡಿಚಿ ಕೂಡಿಸುತ್ತ ನಡುವಿನತ್ತ ಸಾಗುತ್ತಾರೆ. ಆ ಕ್ರಮದಲ್ಲಿ ತುಂಡುಗಳು ಒಂದೇ ಅಳತೆಯಲ್ಲಿ ಇರಬೇಕಾಗಿಲ್ಲ. ಆದರೆ ಚೌಕಗಳನ್ನು ಮೊದಲೇ ಜೋಡಿಸಿ, ಆಮೇಲೆ ಒಂದಕ್ಕೊಂದು ಕೂಡಿಸುವ ಕೌದಿಯಲ್ಲಿ ಅಳತೆಯೇ ಮುಖ್ಯ.

ಸಣ್ಣ ತಪ್ಪು, ದೊಡ್ಡ ನಷ್ಟ

10 ಸೆಂ.ಮೀ. ಚೌಕದ ತುಂಡುಗಳನ್ನು ಸುತ್ತಲೂ 1 ಸೆಂ.ಮೀ. ಅಂಚು ಬಿಟ್ಟು ಹೊಲಿದರೆ ಕಾಣುವ ಭಾಗ 8 ಸೆಂ.ಮೀ. ಇರುತ್ತದೆ. ಒಂಬತ್ತು ತುಂಡು ಸೇರಿ ಒಂದು ದೊಡ್ಡ ಚೌಕ. ಅಡ್ಡಕ್ಕೆ 6, ಉದ್ದಕ್ಕೆ 8 ದೊಡ್ಡ ಚೌಕಗಳ ಕೌದಿಗೆ 432 ತುಂಡುಗಳು ಬೇಕು. ಕಪ್ಪು ಬಣ್ಣದವು 216, ತಿಳಿ ಬಣ್ಣದವು 216.

ಅಡ್ಡ ಸಾಲಿನಲ್ಲಿ 18 ತುಂಡುಗಳು, 17 ಕೂಡಿಕೆಗಳು ಇರುತ್ತವೆ. 1 ಸೆಂ.ಮೀ. ಬದಲು 1.2 ಸೆಂ.ಮೀ. ಅಂಚು ಹಿಡಿದರೆ ಪ್ರತಿ ಕೂಡಿಕೆಯಲ್ಲಿ 4 ಮಿ.ಮೀ., ಇಡೀ ಸಾಲಿನಲ್ಲಿ 6.8 ಸೆಂ.ಮೀ. ಬಟ್ಟೆ ಹೆಚ್ಚಾಗಿ ಒಳಗೆ ಹೋಗುತ್ತದೆ. ಒಂದು ಸಾಲು ಹೀಗೆ, ಇನ್ನೊಂದು ಸಾಲು ಸರಿಯಾಗಿ ಹೊಲಿದರೆ ಎರಡೂ ಕೂಡುವುದೇ ಇಲ್ಲ.

ಬಟ್ಟೆಯ ಸಿದ್ಧತೆ

ಹೊಸ ಬಟ್ಟೆಯಿದ್ದರೆ ಕತ್ತರಿಸುವ ಮೊದಲೇ ಒಗೆದು ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲಿ ಹೊಸ ತುಂಡು ಕುಗ್ಗಿ ಪಕ್ಕದ ಹಳೆಯ ತುಂಡನ್ನು ಸುಕ್ಕುಗೊಳಿಸುತ್ತದೆ. ಕೆಂಪು ಬಟ್ಟೆಯನ್ನು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ, ಬಣ್ಣ ಬಿಡುವುದೋ ಎಂದು ನೋಡಬೇಕು. ಇಳಕಲ್ ಸೀರೆಯ ಹತ್ತಿ ಒಡಲನ್ನೂ ರೇಷ್ಮೆಯ ಸೆರಗನ್ನೂ ಒಂದೇ ಚೌಕದಲ್ಲಿ ಬೆರೆಸದಿರುವುದು ಒಳ್ಳೆಯದು. ಸವೆದು ಮೆತ್ತಗಾದ ಬಟ್ಟೆ ಕತ್ತರಿಯ ಕೆಳಗೆ ಜಾರುತ್ತದೆ. ಅದನ್ನು ತಿಳಿಯಾದ ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡಿದರೆ ಕಾಗದದಂತೆ ನಿಲ್ಲುತ್ತದೆ.

ಕತ್ತರಿಸುವ ಕ್ರಮ

ಮೊದಲು ಕತ್ತರಿಸಿದ ತುಂಡನ್ನೇ ಮುಂದಿನದಕ್ಕೆ ಅಳತೆಯಾಗಿ ಇಡುವುದು ಸಾಮಾನ್ಯ ತಪ್ಪು. ಪ್ರತಿ ಸಲ ಗೆರೆಯ ದಪ್ಪದಷ್ಟು ಅಳತೆ ಬೆಳೆಯುತ್ತ ಹೋಗುತ್ತದೆ. ಒಂದೇ ಅಚ್ಚನ್ನು ಕೊನೆಯವರೆಗೂ ಬಳಸಬೇಕು. ರಟ್ಟಿನ ಅಚ್ಚಿನ ಮೂಲೆಗಳು ಬೇಗ ಸವೆಯುತ್ತವೆ. ಎಣ್ಣೆ ಡಬ್ಬಿಯ ತಗಡಿನಿಂದ ಅಚ್ಚು ಮಾಡಿ, ಅಂಚು ಉಜ್ಜಿ ನುಣುಪು ಮಾಡಿಕೊಂಡರೆ ಬಹುಕಾಲ ಬರುತ್ತದೆ. 10 ಸೆಂ.ಮೀ. ಅಚ್ಚಿನ ಎರಡೂ ಕರ್ಣಗಳು 14.1 ಸೆಂ.ಮೀ. ಇದ್ದರೆ ಮೂಲೆಗಳು ನೇರವಾಗಿವೆ ಎಂದರ್ಥ.

ಅಚ್ಚಿನ ಅಂಚು ಬಟ್ಟೆಯ ಹಾಸು ಅಥವಾ ಹೊಕ್ಕಿನ ಎಳೆಗೆ ಸರಿಯಾಗಿ ಇರಬೇಕು. ಓರೆಯಾಗಿ ಕತ್ತರಿಸಿದ ತುಂಡು ಹೊಲಿಯುವಾಗ ಹಿಗ್ಗುತ್ತದೆ. ಗೆರೆಗೆ ಮೊನಚಾದ ಪೆನ್ಸಿಲ್ ಉತ್ತಮ. ಮೊಂಡಾದ ಸೀಮೆಸುಣ್ಣದ ಗೆರೆ ದಪ್ಪವಾಗುತ್ತದೆ.

ಹೊಲಿಗೆ

ಕೈಹೊಲಿಗೆಯವರು 8 ಸೆಂ.ಮೀ.ಯ ಎರಡನೆಯ ಅಚ್ಚನ್ನು ತುಂಡಿನ ಹಿಂಬದಿಯ ನಡುವೆ ಇಟ್ಟು ಹೊಲಿಗೆಯ ಗೆರೆ ಎಳೆದುಕೊಳ್ಳಬೇಕು. ಎರಡು ತುಂಡುಗಳ ಗೆರೆಗಳನ್ನು ಗುಂಡುಪಿನ್ನಿನಿಂದ ಕೂಡಿಸಿ ಗೆರೆಯ ಮೇಲೆಯೇ ಹೊಲಿದರೆ, ಅಂಚು ತುಸು ಹೆಚ್ಚುಕಡಿಮೆಯಾಗಿ ಕತ್ತರಿಸಿದ್ದರೂ ಚೌಕ ಕೆಡುವುದಿಲ್ಲ. ಯಂತ್ರದಲ್ಲಿ ಹೊಲಿಯುವವರು ಸೂಜಿಯಿಂದ 1 ಸೆಂ.ಮೀ. ದೂರದಲ್ಲಿ ತಟ್ಟೆಯ ಮೇಲೆ ಅಂಟುಪಟ್ಟಿ ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿ ನಡೆಸಬೇಕು. ಬಟ್ಟೆಯನ್ನು ಎಳೆಯಬಾರದು.

ಮೊದಲ ಮೂರು ತುಂಡು ಕೂಡಿಸಿದೊಡನೆ ಅಳೆಯಬೇಕು. 26 ಸೆಂ.ಮೀ. ಬಂದರೆ ಸರಿ. 25.2 ಸೆಂ.ಮೀ. ಬಂದರೆ ಅಂಚು 1.2 ಸೆಂ.ಮೀ. ಹಿಡಿದಂತಾಯಿತು. ಇಲ್ಲಿ ತಿದ್ದಲು ಎರಡೇ ಹೊಲಿಗೆ ಬಿಚ್ಚಿದರೆ ಸಾಕು.

ಮೊದಲ ಸಾಲಿನ ಅಂಚುಗಳನ್ನು ಬಲಕ್ಕೆ, ಎರಡನೆಯದನ್ನು ಎಡಕ್ಕೆ, ಮೂರನೆಯದನ್ನು ಮತ್ತೆ ಬಲಕ್ಕೆ ಮಡಿಚಿ ಇಸ್ತ್ರಿ ಒತ್ತಬೇಕು. ಆಗ ಸಾಲುಗಳನ್ನು ಕೂಡಿಸುವಾಗ ಎದುರುಬದುರು ಅಂಚುಗಳು ಒಂದಕ್ಕೊಂದು ಹೊಂದಿ ಮೂಲೆಗಳು ಸರಿಯಾಗಿ ಸೇರುತ್ತವೆ. ಇಸ್ತ್ರಿಯನ್ನು ಎತ್ತಿ ಇಟ್ಟು ಒತ್ತಬೇಕೇ ಹೊರತು ಜಗ್ಗಬಾರದು.

ಸಿದ್ಧವಾದ ದೊಡ್ಡ ಚೌಕ ನಾಲ್ಕೂ ಬದಿಗೆ 26 ಸೆಂ.ಮೀ. ಇರಬೇಕು. 2 ಮಿ.ಮೀ. ವ್ಯತ್ಯಾಸವನ್ನು ಪಿನ್ನು ಹಾಕಿ ಹೊಂದಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಕತ್ತರಿಯಿಂದ ಸವರದೆ ಹೊಲಿಗೆ ಬಿಚ್ಚಿ ತಿದ್ದಬೇಕು. ಸವರಿದರೆ ಅಂಚು ಕಿರಿದಾಗಿ ಒಗೆತದಲ್ಲಿ ಹೊಲಿಗೆ ಬಿಡುತ್ತದೆ.

ಸುತ್ತಲಿನ ಪಟ್ಟಿ

ಕೂಡಿಸಿದ ಮೇಲ್ಪದರು 146 ಸೆಂ.ಮೀ. ಅಗಲ, 194 ಸೆಂ.ಮೀ. ಉದ್ದ ಬರಬೇಕು. ಸುತ್ತುಪಟ್ಟಿಯ ಅಳತೆಯನ್ನು ಅಂಚಿನಿಂದ ತೆಗೆದುಕೊಳ್ಳಬಾರದು. ಅಂಚು ಕೈಯಾಡಿ ಹಿಗ್ಗಿರುತ್ತದೆ. ಕೌದಿಯ ನಡುವೆ ಅಳೆದು ಎದುರುಬದುರು ಪಟ್ಟಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಅಂಚನ್ನು ಅದಕ್ಕೆ ಹೊಂದಿಸಿ ಹೊಲಿದರೆ ಕೌದಿ ನೆಲದ ಮೇಲೆ ಸಮನಾಗಿ ಕೂಡುತ್ತದೆ.

432 ತುಂಡುಗಳನ್ನು ಒಮ್ಮೆಲೇ ಕತ್ತರಿಸುವ ಮೊದಲು ಒಂದು ದೊಡ್ಡ ಚೌಕವನ್ನು ಹೊಲಿದು ಅಳೆದು ನೋಡುವುದು ಲಾಭದಾಯಕ. ಅಳತೆ ತಪ್ಪಿದರೆ ಕೆಡುವುದು ಒಂಬತ್ತೇ ತುಂಡು. ಉಳಿದ ಬಟ್ಟೆಯೂ, ಅದರ ಹಿಂದಿನ ದುಡಿಮೆಯೂ ಉಳಿಯುತ್ತವೆ.