ಎರಡನೆಯ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕಾರ್ಡು ಕೂರುವ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು. ಇನ್ನೊಂದು, ಕಂಪ್ಯೂಟರಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ನೇರವಾಗಿ ಕಾರ್ಡಿಗೆ ಬರುವ ಕೇಬಲ್ಲು. ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್. ಆರು ಪಿನ್ನಿನ ಕೇಬಲ್ಲು ಇನ್ನೊಂದು 75 ವಾಟ್, ಎಂಟು ಪಿನ್ನಿನದು 150 ವಾಟ್ ಕೊಡುತ್ತದೆ. 2022ರಲ್ಲಿ ಬಳಕೆಗೆ ಬಂದ ಹದಿನಾರು ಪಿನ್ನಿನದಕ್ಕೆ 600 ವಾಟ್‌ವರೆಗೆ ಶಕ್ತಿಯಿದೆ. ಎರಡನೆಯ ಕಾರ್ಡು ಸೇರಿದರೆ ಈ ದಾರಿಗಳ ಮೇಲಿನ ಭಾರ ಇಮ್ಮಡಿಯಾಗುತ್ತದೆ. ಜೊತೆಗೆ ಗೋಡೆಯ ಸಾಕೆಟ್ಟು, ಯುಪಿಎಸ್, ಅರ್ಥಿಂಗ್ ಕೂಡ ಲೆಕ್ಕಕ್ಕೆ ಬರುತ್ತವೆ.

ಎರಡು ಕಾರ್ಡು ಯಾರಿಗೆ ಬೇಕು

ಎರಡು ಕಾರ್ಡು ಜೋಡಿಸಿ ಗೇಮ್ ಆಡುವ ಪದ್ಧತಿ 1998ರ ವೂಡೂ 2 ಕಾರ್ಡುಗಳ ಕಾಲದ್ದು. 2004ರಲ್ಲಿ ಎನ್‌ವಿಡಿಯಾ ಎಸ್‌ಎಲ್‌ಐ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತಂದಿತು. 2021ರಿಂದ ಹೊಸ ಗೇಮ್‌ಗಳಿಗೆ ಎಸ್‌ಎಲ್‌ಐ ಪ್ರೊಫೈಲ್ ಮಾಡಿಕೊಡುವುದನ್ನು ನಿಲ್ಲಿಸಿತು. ಆದ್ದರಿಂದ ಈಗ ಗೇಮ್‌ಗೆಂದು ಎರಡನೆಯ ಕಾರ್ಡು ಕೊಳ್ಳುವುದು ದಂಡದ ಖರ್ಚು. ಕೆಲಸವನ್ನು ಪಾಲು ಮಾಡಿ ಹಂಚಲು ಬರುವ ಕಡೆ ಮಾತ್ರ ಅದು ದುಡಿಯುತ್ತದೆ. ಬ್ಲೆಂಡರ್‌ನಲ್ಲಿ ತ್ರೀಡಿ ರೆಂಡರಿಂಗ್, ಡಾವಿಂಚಿ ರಿಸಾಲ್ವ್ ಸ್ಟುಡಿಯೊದಲ್ಲಿ ವಿಡಿಯೊ ಸಂಸ್ಕರಣೆ, ಎಐ ಮಾಡೆಲ್‌ಗಳನ್ನು ಓಡಿಸುವುದು ಇಂಥ ಕೆಲಸಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಇರುವ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಕೂಡ ಹೀಗೆಯೇ ಲೆಕ್ಕವನ್ನು ಹಲವಾರು ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳಿಗೆ ಹಂಚುತ್ತದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಚೌಕಳಿ ಹಾಕಿ ಬಿಡಿಸಲು ಸಾಧಾರಣ ಕಾರ್ಡೊಂದೇ ಧಾರಾಳ. ಅದೇ ಊರಿನ ಫೋಟೊ ಸ್ಟುಡಿಯೊದವರು ಲಗ್ನದ ಸುಗ್ಗಿಯಲ್ಲಿ ಗಂಟೆಗಟ್ಟಲೆ 4ಕೆ ವಿಡಿಯೊವನ್ನು ಬಣ್ಣ ತಿದ್ದಿ ಕೊಡಬೇಕಾದಾಗ ಎರಡನೆಯ ಕಾರ್ಡಿನ ಮಾತು ಬರುತ್ತದೆ.

ವಾಟ್ ಮತ್ತು ಆಂಪಿಯರ್

ತಲಾ 170 ವಾಟ್ ಎಳೆಯುವ ಆರ್‌ಟಿಎಕ್ಸ್ 3060 ಕಾರ್ಡು ಎರಡಿದ್ದರೆ 340 ವಾಟ್. ಪ್ರೊಸೆಸರಿಗೆ 100, ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳಿಗೆ 60 ಎಂದಿಟ್ಟುಕೊಂಡರೆ ಒಟ್ಟು 500. ಇದಕ್ಕೆ 500 ವಾಟಿನ ಎಸ್‌ಎಂಪಿಎಸ್ ಸಾಲದು. ಗ್ರಾಫಿಕ್ಸ್ ಕಾರ್ಡು ತನ್ನ ಮೇಲೆ ಬರೆದ ವಾಟನ್ನು ಮೀರಿ ಕ್ಷಣಮಾತ್ರ ಜಿಗಿಯುತ್ತದೆ. ಎರಡು ಕಾರ್ಡು ಒಟ್ಟಿಗೆ ಜಿಗಿದರೆ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಆಫ್ ಆಗಿ, ಕೆಲಸದ ನಡುವೆ ಕಂಪ್ಯೂಟರು ನಿಂತುಬಿಡುತ್ತದೆ. ಈ ಜಿಗಿತವನ್ನು ಲೆಕ್ಕಕ್ಕೆ ಹಿಡಿದೇ 2022ರ ಎಟಿಎಕ್ಸ್ 3.0 ನಿಯಮ ರೂಪುಗೊಂಡಿತು. ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಷ್ಟು ಹೊತ್ತು ಸಾಮರ್ಥ್ಯದ ಎರಡರಷ್ಟು ಬೇಡಿಕೆ ಬಂದರೂ ಎಸ್‌ಎಂಪಿಎಸ್ ತಾಳಬೇಕೆಂದು ಅದು ಹೇಳುತ್ತದೆ. ಮೇಲಿನ ಜೋಡಿಗೆ 750 ವಾಟಿನದು ಸರಿಯಾದ ಅಳತೆ. ತಲಾ 350 ವಾಟಿನ ಆರ್‌ಟಿಎಕ್ಸ್ 3090 ಎರಡಿದ್ದರೆ 1200 ವಾಟಿಗಿಂತ ಕಡಿಮೆಯದನ್ನು ನೆಚ್ಚುವಂತಿಲ್ಲ.

ವಾಟಿಗಿಂತ ಹೆಚ್ಚು ಗಮನ ಬೇಡುವುದು ಆಂಪಿಯರ್. ಕಾರ್ಡು ಕೆಲಸ ಮಾಡುವುದು 12 ವೋಲ್ಟಿನಲ್ಲಿ. ಗೋಡೆಯ 230 ವೋಲ್ಟಿಗೆ ಹೋಲಿಸಿದರೆ ಅಷ್ಟೇ ವಾಟಿಗೆ ಸುಮಾರು 19 ಪಟ್ಟು ಆಂಪಿಯರ್ ಹರಿಯಬೇಕು. ಆ 340 ವಾಟ್ ಎಂದರೆ ಕ್ಯಾಬಿನೆಟ್ಟಿನ ಒಳಗೆ 28 ಆಂಪಿಯರ್. ತಂತಿಯಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗದಷ್ಟು ಏರುತ್ತದೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ವಿದ್ಯುತ್ತನ್ನು ಹೈ ಟೆನ್ಷನ್ ಲೈನಿನಲ್ಲಿ ಸಾಗಿಸುವುದು ಇದೇ ಕಾರಣಕ್ಕೆ. ಕಂಪ್ಯೂಟರಿನ ಒಳಗೆ ಆ ಅನುಕೂಲವಿಲ್ಲ. ಪಿನ್ನು ಪೂರ್ತಿ ಕೂರದೆ ಕೂದಲೆಳೆಯಷ್ಟು ಸಡಿಲವಿದ್ದರೂ ಆ ಜಾಗ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. 450 ವಾಟಿನ ಆರ್‌ಟಿಎಕ್ಸ್ 4090 ಬಂದ ಹೊಸತರಲ್ಲಿ ಹದಿನಾರು ಪಿನ್ನಿನ ಕನೆಕ್ಟರುಗಳು ಕರಗಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. 2023ರಲ್ಲಿ ಆ ಕನೆಕ್ಟರಿನ ವಿನ್ಯಾಸವನ್ನು ತಿದ್ದಲಾಯಿತು.

ಕೇಬಲ್ಲು, ಸ್ಲಾಟು

ಒಂದೊಂದು ಕಾರ್ಡಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ಲು ಎಳೆಯಬೇಕು. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ತಲೆಗಳಿದ್ದರೂ ಅವನ್ನು ಎರಡು ಕಾರ್ಡುಗಳಿಗೆ ಹಂಚಬಾರದು. ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ಲಿನಿಂದ ಆರು ಪಿನ್ ಮಾಡಿಕೊಡುವ ಅಡಾಪ್ಟರುಗಳು ಅಗ್ಗಕ್ಕೆ ಸಿಗುತ್ತವೆ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ಮೂರು, ತಲಾ 1.5 ಆಂಪಿಯರ್; ಎಲ್ಲ ಸೇರಿ 54 ವಾಟ್. ಅದರಿಂದ 75 ವಾಟ್ ಎಳೆದರೆ ಸುಡುವುದು ಸಹಜ. ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಒಂದು ಕಂಪನಿಯ ಕೇಬಲ್ಲನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಸಾಕೆಟ್ಟಿಗೆ ಹೊಂದಿಕೊಂಡು ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿರುತ್ತದೆ; ಸ್ವಿಚ್ಚು ಹಾಕಿದೊಡನೆ ಕಾರ್ಡು ಹೋಗಬಹುದು.

ಎರಡು ಸ್ಲಾಟುಗಳೂ ಪೂರ್ತಿ ಎಳೆದರೆ 12 ವೋಲ್ಟಿನ ಭಾಗದಲ್ಲೇ ತಲಾ ಐದೂವರೆ, ಒಟ್ಟು 11 ಆಂಪಿಯರ್ ಮದರ್‌ಬೋರ್ಡಿನ ಮೂಲಕ ಹಾಯುತ್ತದೆ. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ 12 ವೋಲ್ಟಿನ ಹಳದಿ ತಂತಿಗಳಿರುವುದು ಎರಡೇ. ಹೆಚ್ಚು ಕಾರ್ಡುಗಳಿಗೆಂದು ಮಾಡಿದ ಮದರ್‌ಬೋರ್ಡುಗಳಲ್ಲಿ ಸ್ಲಾಟಿನ ಬಳಿ ಇನ್ನೊಂದು ಪವರ್ ಕನೆಕ್ಟರ್ ಇರುತ್ತದೆ. ಅದನ್ನು ಖಾಲಿ ಬಿಡಬಾರದು.

ಗೋಡೆಯ ಕಡೆ

ಒಳಗೆ 500 ವಾಟ್ ಬೇಕಾದರೆ, ನೂರಕ್ಕೆ ತೊಂಬತ್ತರ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ ಸುಮಾರು 555 ವಾಟ್ ಎಳೆಯುತ್ತದೆ. ಅದು 2.4 ಆಂಪಿಯರ್, 6 ಆಂಪಿಯರ್ ಸಾಕೆಟ್ಟು ಸಾಕು. ಎರಡು 3090ಗಳ ಯಂತ್ರ 4 ಆಂಪಿಯರ್ ದಾಟುವುದರಿಂದ ಅದಕ್ಕೆ 16 ಆಂಪಿಯರಿನ ಪವರ್ ಪಾಯಿಂಟೇ ಲೇಸು. ಅಂಗಡಿಯ ಫ್ರಿಜ್ಜು, ಪ್ರಿಂಟರು ಹಂಚಿಕೊಂಡ ಜಂಕ್ಷನ್ ಬಾಕ್ಸು ಸಲ್ಲದು.

ಮಾಮೂಲಿ 600 ವಿಎ ಯುಪಿಎಸ್ ಹೊರುವುದು 360 ವಾಟ್ ಮಾತ್ರ. ಒಂದು ಕಾರ್ಡಿನ ಕಾಲದಲ್ಲಿ ಸರಿಯಿದ್ದ ಯುಪಿಎಸ್, ಎರಡನೆಯದು ಬಂದ ಮೇಲೆ ಕರೆಂಟು ಹೋದೊಡನೆ ಕೀಂಯ್‌ಗುಟ್ಟಿ ಆರುವುದಕ್ಕೆ ಇದೇ ಕಾರಣ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರು ಈಗಿನ ಎಸ್‌ಎಂಪಿಎಸ್‌ಗಳಿಗೆ ಒಗ್ಗದೆ ಹೋಗಬಹುದು. ಸೈನ್ ವೇವ್ ಮಾದರಿ ಸುರಕ್ಷಿತ.

ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅರ್ಥಿಂಗ್. ಬಂಡೆಯ ನೆಲ, ಕಡಿಮೆ ಮಳೆ; ಒಣಗಿದ ಮಣ್ಣು ಕರೆಂಟನ್ನು ಚೆನ್ನಾಗಿ ಒಯ್ಯುವುದಿಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರು ಅಲ್ಪ ಕರೆಂಟನ್ನು ಅರ್ಥ್ ತಂತಿಗೆ ಬಿಡುತ್ತಿರುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಲೋಹದ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುವುದು ಇದರಿಂದಲೇ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಕಾರ್ಡಿನ ಪೋರ್ಟಿಗೇ ಪೆಟ್ಟು ಬೀಳಬಹುದು. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಎಳೆದ ವಾಟೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಒಂದಕ್ಕೊಂದು ಅಂಟಿ ಕೂತ ಎರಡು ಕಾರ್ಡುಗಳಲ್ಲಿ ಮೇಲಿನದು ಕೆಳಗಿನದರ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ನಡುವೆ ಒಂದು ಸ್ಲಾಟಿನ ಜಾಗ ಬಿಟ್ಟಿರಬೇಕು. ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು ನೂರಕ್ಕೆ ಎಂಬತ್ತಕ್ಕೆ ಇಳಿಸಿದರೆ ವೇಗ ತುಸುವೇ ತಗ್ಗಿ, ಬಿಸಿ, ಬಿಲ್ಲು ಎರಡೂ ಇಳಿಯುತ್ತವೆ. 555 ವಾಟಿನ ಯಂತ್ರ ದಿನಕ್ಕೆ ಎಂಟು ಗಂಟೆ ಪೂರ್ತಿ ದುಡಿದರೆ 25 ದಿನಕ್ಕೆ ಸುಮಾರು 110 ಯೂನಿಟ್ ಬೆಸ್ಕಾಂ ಮೀಟರಿನಲ್ಲಿ ಓಡುತ್ತದೆ.

ಖರ್ಚಿನ ಪಟ್ಟಿ ಬರೆಯುವಾಗ ಅರ್ಥಿಂಗ್ ಮೊದಲು, ಎಸ್‌ಎಂಪಿಎಸ್ ಆಮೇಲೆ, ಯುಪಿಎಸ್ ಮೂರನೆಯದು, ಕಾರ್ಡು ಕಡೆಯದು. ಹಣ ಸಾಲದೆ ಬಂದರೆ ಕಾರ್ಡನ್ನೇ ಮುಂದಿನ ವರ್ಷಕ್ಕೆ ಬಿಡುವುದು ಕ್ಷೇಮ.